ವಾಲಿ ಎಲ್ಲಿ ಬೀಳಬೇಕು?

ಕರಾವಳಿಯಲ್ಲಿ ‘ವಾಲಿಮೋಕ್ಷ’ದ ಯಕ್ಷಗಾನ ಆಟ ನಡೆದ ಮರುದಿನ ಜನ ಮಾತಾಡಿಕೊಳ್ಳುವುದು ಹೆಚ್ಚಾಗಿ ಒಂದೇ ವಿಷಯ: ವಾಲಿ ಏನು ಕೇಳಿದ, ರಾಮ ಏನು ಹೇಳಿದ. ಮರೆಯಲ್ಲಿ ನಿಂತು ಬಾಣ ಬಿಡುವುದು ಕ್ಷತ್ರಿಯನಿಗೆ ಸಲ್ಲುತ್ತದೆಯೇ, ಕಪಿಗೆ ಮನುಷ್ಯರ ಧರ್ಮಶಾಸ್ತ್ರ ಹಿಡಿದು ಶಿಕ್ಷೆ ಕೊಡಬಹುದೇ, ತಮ್ಮನ ಹೆಂಡತಿಯ ಮಾತು ಬಂದಾಗ ವಾಲಿಗೆ ಉತ್ತರ ಹೊಳೆಯಿತೇ? ಯಾರ ಮಾತು ಯಾರನ್ನು ಕಟ್ಟಿಹಾಕಿತು ಎಂಬುದರ ಮೇಲೆ ಆಟ ಏರಿತೋ ಬಿದ್ದಿತೋ ಎಂದು ತೀರ್ಮಾನವಾಗುತ್ತದೆ. ವಾಲಿ ರಂಗಸ್ಥಳದ ಯಾವ ಮೂಲೆಯಲ್ಲಿ ಬಿದ್ದ, ಬಿದ್ದವನ ಮುಖ ಎತ್ತ ಇತ್ತು, ರಾಮ ಎಷ್ಟು ದೂರದಲ್ಲಿ ನಿಂತು ಸಮರ್ಥಿಸಿಕೊಂಡ ಎಂದು ಕೇಳುವವರು ಅಪರೂಪ.

ನನ್ನ ತಕರಾರು ಈ ಮೌನದ ಮೇಲೆ. ಬರೆದಿಟ್ಟ ಸಂಭಾಷಣೆ ಇಲ್ಲದ ರಂಗಭೂಮಿಯಲ್ಲಿ ಮಾತು ಹೇಗೆ ಆ ಹೊತ್ತಿಗೆ ಹುಟ್ಟಬೇಕೋ, ನಡೆಯೂ ನಿಲುವೂ ಹಾಗೆಯೇ ಆ ಹೊತ್ತಿಗೆ ಹುಟ್ಟಬೇಕು. ನಾವು ಮೊದಲನೆಯದನ್ನು ಪ್ರತಿಭೆ ಎಂದು ಕರೆದೆವು, ಎರಡನೆಯದನ್ನು ಕಾಲಿನ ಅಭ್ಯಾಸ ಎಂದು ಬದಿಗಿಟ್ಟೆವು. ಈ ತಾರತಮ್ಯದ ಫಲವಾಗಿ ಯಕ್ಷಗಾನದ ಆಟದಲ್ಲಿ ಇಂದು ಕುಣಿತ ಹೆಚ್ಚುತ್ತಿದೆ, ನಡೆಯ ಬುದ್ಧಿ ಕಡಿಮೆಯಾಗುತ್ತಿದೆ.

ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು, ಅವುಗಳ ರಾಗ ತಾಳಗಳ ಹೆಸರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳನ್ನೇ ತೆರೆದು ನೋಡಿ. ಪಾತ್ರಧಾರಿ ಆಡಬೇಕಾದ ಗದ್ಯ ಅಲ್ಲಿಲ್ಲ; ಅರ್ಥ ಅವನ ಹೊಣೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಅವನು ಎಲ್ಲಿ ನಿಲ್ಲಬೇಕು ಎಂಬುದೂ ಅಲ್ಲಿಲ್ಲ. ಸುಗ್ರೀವನ ಕೂಗು ಕೇಳಿ ವಾಲಿ ಹೊರಟ ಎಂದು ಪದ್ಯ ಹೇಳೀತು. ತಡೆಯಲು ಬಂದ ತಾರೆಯನ್ನು ಅವನು ದಾಟಿ ಹೋದನೋ ಸುತ್ತಿ ಹೋದನೋ ಎಂಬುದನ್ನು ಹೇಳುವುದಿಲ್ಲ. ಕವಿ ನಟನಿಗೆ ಬಿಟ್ಟುಕೊಟ್ಟ ಖಾಲಿ ಜಾಗಗಳು ಹೀಗೆ ಎರಡು. ಒಂದನ್ನು ತುಂಬಿದವನಿಗೆ ಸನ್ಮಾನಪತ್ರ ಬರೆದ ನಾವು ಇನ್ನೊಂದನ್ನು ಗುರುತಿಸಲೇ ಇಲ್ಲ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ತಾಳಮದ್ದಲೆ ಎಂಬ ಅಪೂರ್ವ ಪ್ರಕಾರ ನಮ್ಮಲ್ಲಿದೆ. ವೇಷವಿಲ್ಲ, ಕುಣಿತವಿಲ್ಲ, ಹಿಮ್ಮೇಳದ ಎದುರು ಕುಳಿತು ಅರ್ಥ ಹೇಳುವುದಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆಯ ಸಾಮಗ ಸಹೋದರರು, ಪೆರ್ಲ ಕೃಷ್ಣ ಭಟ್ಟರು, ಕುಂಬಳೆ ಸುಂದರ ರಾಯರು (1934–2022) ಈ ಕೂಟಗಳನ್ನು ವಿದ್ವತ್ಸಭೆಯ ಎತ್ತರಕ್ಕೆ ಒಯ್ದರು. ಶೇಣಿಯವರ ವಾಲಿ, ರಾವಣ, ಮಾಗಧ ಪಾತ್ರಗಳು ದಂತಕಥೆಯಾದವು. ಮುಂದೆ ಧ್ವನಿಸುರುಳಿಗಳು ಬಂದು ಆ ಮಾತುಗಳನ್ನು ಮನೆಮನೆಗೆ ಮುಟ್ಟಿಸಿದವು. ಕ್ಯಾಸೆಟ್ಟಿನಲ್ಲಿ ಮಾತು ಉಳಿಯುತ್ತದೆ, ಹೆಜ್ಜೆ ಉಳಿಯುವುದಿಲ್ಲ. ಕೇಳಿ ಬೆಳೆದ ಒಂದು ತಲೆಮಾರು ಆಟವನ್ನೂ ಕಿವಿಯಿಂದಲೇ ಅಳೆಯತೊಡಗಿದ್ದು ಆಶ್ಚರ್ಯವಲ್ಲ.

ಆದರೆ ಆಟದಲ್ಲಿ ಅರ್ಥಕ್ಕಿಂತ ಮೊದಲು ಬರುವುದು ಕುಣಿತ. ಭಾಗವತರು ಪದ್ಯ ಹೇಳುತ್ತಾರೆ, ಪಾತ್ರಧಾರಿ ಕುಣಿಯುತ್ತಾ ಅಭಿನಯಿಸುತ್ತಾನೆ, ಪದ್ಯ ನಿಂತ ಮೇಲೆ ಬಾಯಿ ತೆರೆಯುತ್ತಾನೆ. ಎಂದರೆ ಪದ್ಯದ ಮೊದಲ ವ್ಯಾಖ್ಯಾನ ದೇಹದ್ದು. ವಾಲಿ ಸಿಟ್ಟಿನಿಂದ ಹೊರಟನೋ ಉಡಾಫೆಯಿಂದ ಹೊರಟನೋ ಎಂಬುದು ಅವನು ಮಾತಾಡುವ ಹೊತ್ತಿಗೆ ಪ್ರೇಕ್ಷಕರಿಗೆ ತಿಳಿದುಹೋಗಿರುತ್ತದೆ. ಕಾಲು ಒಂದು ಹೇಳಿ ಬಾಯಿ ಇನ್ನೊಂದು ಹೇಳಿದರೆ ಪಾತ್ರ ಒಡೆಯುತ್ತದೆ. ಎಷ್ಟೋ ಒಳ್ಳೆಯ ಅರ್ಥಗಾರಿಕೆ ಆಟದಲ್ಲಿ ಸಪ್ಪೆಯಾಗುವುದು ಈ ಕಾರಣಕ್ಕೆ.

ಬಯಲಾಟದ ರಂಗಸ್ಥಳವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ಗದ್ದೆಯಲ್ಲೋ ದೇವಸ್ಥಾನದ ಎದುರೋ ನಾಲ್ಕು ಕಂಬ ನೆಟ್ಟು, ಮಾವಿನ ತೋರಣ ಕಟ್ಟಿ ಮಾಡಿದ ಚೌಕ. ಹಿಂದೆ ಹಿಮ್ಮೇಳ, ಮೂರು ಕಡೆ ಜನ. ಪರದೆಯ ಮೇಲೆ ಬರೆದ ಕಾಡಿಲ್ಲ, ಅರಮನೆಯಿಲ್ಲ. ಇರುವ ಒಂದು ಪೀಠವೇ ಸಿಂಹಾಸನ, ರಥ, ಬಂಡೆ ಎಲ್ಲವೂ. ಪ್ರಯಾಣ ಕುಣಿತದಲ್ಲಿ ಚೌಕಕ್ಕೆ ಕೆಲವು ಸುತ್ತು ಬಂದರೆ ಅಯೋಧ್ಯೆ ಹಿಂದೆ ಉಳಿದು ದಂಡಕಾರಣ್ಯ ಬರುತ್ತದೆ. ಯುದ್ಧದಲ್ಲಿ ಕೈಗೆ ಸಿಗುವಷ್ಟು ಹತ್ತಿರ ನಿಂತ ಇಬ್ಬರ ನಡುವೆ ಬಾಣ ಹರದಾರಿ ಹಾರುತ್ತದೆ. ಹೀಗೆ ರಂಗವನ್ನು ವಿಭಾಗಿಸಿ, ಸುತ್ತುನಡಿಗೆಯಿಂದ ಸ್ಥಳ ಬದಲಾಯಿಸುವ ಕ್ರಮವನ್ನು ನಾಟ್ಯಶಾಸ್ತ್ರ ಕಕ್ಷ್ಯಾವಿಭಾಗ ಎಂಬ ಹೆಸರಿನಲ್ಲಿ ವಿವರಿಸಿದೆ. ನಮ್ಮ ಕಲಾವಿದರು ಆ ಗ್ರಂಥ ಓದಿ ಇದನ್ನು ಕಲಿತವರಲ್ಲ. ಗುರುವಿನ ಹಿಂದೆ ಹೆಜ್ಜೆ ಹಾಕುತ್ತಾ ಕಲಿತವರು.

ಈ ಚೌಕದಲ್ಲಿ ರಾಮ ಮರೆಯಾಗಬೇಕು. ಮರವಿಲ್ಲ. ಅವನು ಎಲ್ಲಿ ನಿಲ್ಲುತ್ತಾನೋ ಅದೇ ಮರ. ಹಿಮ್ಮೇಳದ ಪಕ್ಕಕ್ಕೆ ಸರಿದು ನಿಂತರೆ ವಾಲಿ ಕಾಣದ್ದನ್ನು ಪ್ರೇಕ್ಷಕ ಕಾಣುತ್ತಾನೆ, ಆ ಕ್ಷಣವೇ ಅವನೂ ಆ ಕೃತ್ಯದ ಸಾಕ್ಷಿಯಾಗುತ್ತಾನೆ. ರಾಮ ರಂಗಸ್ಥಳದಿಂದ ಪೂರ್ತಿ ಹೊರಗೆ ಹೋಗಿ ಅಲ್ಲಿಂದ ಬಾಣ ಬಿಟ್ಟರೆ ಆ ಸಾಕ್ಷಿತ್ವ ಇಲ್ಲವಾಗುತ್ತದೆ. ಬಾಣ ತಗುಲಿದ ವಾಲಿ ಮುಂಭಾಗದಲ್ಲಿ, ಜನರ ಹತ್ತಿರ ಬಿದ್ದರೆ ರಾಮ ಅವನ ಹಿಂದಿನಿಂದ ಬರಬೇಕು. ವಾಲಿಯ ಪ್ರಶ್ನೆ ರಾಮನಿಗಿಂತ ಮೊದಲು ನಮ್ಮನ್ನು ತಟ್ಟುತ್ತದೆ. ನಡುವೆ ಬಿದ್ದರೆ ವಾದ ಇಬ್ಬರ ನಡುವಿನದಾಗುತ್ತದೆ. ರಾಮ ದೂರ ನಿಂತು ಮಾತಾಡಿದರೆ ರಾಜ, ಎರಡು ಹೆಜ್ಜೆ ಹತ್ತಿರ ಬಂದರೆ ಅಪರಾಧಭಾವ ಇರುವ ಮನುಷ್ಯ, ಮಂಡಿಯೂರಿದರೆ ಮೋಕ್ಷ ಕೊಡುವ ದೇವರು. ಮಾತಿನಲ್ಲಿ ಒಂದಕ್ಷರ ಬದಲಾಗದೆ ಪ್ರಸಂಗದ ನೀತಿಯೇ ಬದಲಾಗಿಬಿಟ್ಟಿತು. ಇಷ್ಟು ದೊಡ್ಡ ನಿರ್ಧಾರವನ್ನು ಇಬ್ಬರು ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಎರಡು ಮಾತಾಡಿಕೊಂಡು, ಅಥವಾ ಅದೂ ಇಲ್ಲದೆ, ರಂಗದ ಮೇಲೆಯೇ ತೆಗೆದುಕೊಳ್ಳುತ್ತಾರೆ. ಇದನ್ನು ಆಶುಪ್ರತಿಭೆ ಎನ್ನದೆ ಇನ್ನೇನೆನ್ನಬೇಕು?

ಈ ಸ್ವಾತಂತ್ರ್ಯ ಕಡಿವಾಣ ಇಲ್ಲದ್ದೂ ಅಲ್ಲ. ಹಿಮ್ಮೇಳ ನಟನ ಬೆನ್ನ ಹಿಂದೆ ಇದೆ. ಜನರಿಗೆ ಅವನ ಮುಖ ಕಂಡರೆ ಭಾಗವತರಿಗೂ ಮದ್ದಲೆಗಾರರಿಗೂ ಹೆಚ್ಚಾಗಿ ಕಾಣುವುದು ಅವನ ಬೆನ್ನು, ಭುಜ, ಹಿಮ್ಮಡಿ. ನಟ ಒಂದು ಸಾಲನ್ನು ಇನ್ನಷ್ಟು ಬೆಳೆಸಬೇಕೆಂದಿದ್ದಾನೋ, ಮುಕ್ತಾಯಕ್ಕೆ ಬಂದಿದ್ದಾನೋ ಎಂಬುದನ್ನು ಅವರು ಆ ಹಿಮ್ಮಡಿಯಿಂದಲೇ ಓದಬೇಕು. ಅವನ ದೇಹ ಏಕಕಾಲಕ್ಕೆ ಎರಡು ದಿಕ್ಕಿಗೆ ಮಾತಾಡುತ್ತಿರುತ್ತದೆ: ಮುಂದಕ್ಕೆ ಪಾತ್ರವಾಗಿ, ಹಿಂದಕ್ಕೆ ಸಹಕಲಾವಿದನಾಗಿ. ತಾಳ ತಪ್ಪಿದರೆ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು. ಚೌಕ ಸಣ್ಣದು, ತಾಳ ಗಟ್ಟಿ, ಜೊತೆಗಾರರು ಎಚ್ಚರ. ಈ ಮೂರು ಇರುವುದರಿಂದಲೇ ಅದರೊಳಗೆ ಹೊಸದು ಹುಟ್ಟುತ್ತದೆ.

ಇಲ್ಲಿ ತೆಂಕಣ ನೆರೆಯವರನ್ನು ನೋಡುವುದು ಉಪಯುಕ್ತ. 1956ರಿಂದ ಕಾಸರಗೋಡು ಕೇರಳದಲ್ಲಿದೆ. ಪಾರ್ತಿಸುಬ್ಬನ ಕುಂಬಳೆಯೂ, ಸಂಸ್ಕೃತ ನಾಟಕದ ರಂಗಪ್ರಕಾರವಾದ ಕೂಡಿಯಾಟ್ಟವನ್ನು ಆಡುವ ಕೂತ್ತಂಬಲಗಳೂ ಈಗ ಒಂದೇ ರಾಜ್ಯದಲ್ಲಿವೆ. ಆದರೂ ನಮ್ಮ ಯಕ್ಷಗಾನ ವಿಮರ್ಶೆ ಕಥಕಳಿಯ ಹೆಸರೆತ್ತುವುದು ಹೆಚ್ಚಾಗಿ ವೇಷ, ಕಿರೀಟ, ಚೆಂಡೆಗಳ ಸಾಮ್ಯದ ಮಾತು ಬಂದಾಗ. ತಿರುವನಂತಪುರದ ಕೋಟೆ ಪ್ರದೇಶದಲ್ಲಿ ಮಾರ್ಗಿ ಎಂಬ ಸಂಸ್ಥೆ ಇದೆ. ಡಿ. ಅಪ್ಪುಕುಟ್ಟನ್ ನಾಯರ್ 1970ರಲ್ಲಿ ಕಟ್ಟಿದ ಆ ಸಂಸ್ಥೆ ಕಥಕಳಿ, ಕೂಡಿಯಾಟ್ಟ ಎರಡನ್ನೂ ಕಲಿಸುತ್ತಾ ಆಡುತ್ತಾ ಬಂದಿದೆ. ಅಂಥ ಕಡೆ ಹೋಗಿ ಕುಳಿತರೆ ನಮ್ಮದೇ ವಾಲಿಯನ್ನು ಬೇರೊಂದು ಬೆಳಕಿನಲ್ಲಿ ನೋಡಬಹುದು.

ಭಾಸನ ಹೆಸರಿನಲ್ಲಿರುವ ‘ಅಭಿಷೇಕ’ ನಾಟಕದ ಮೊದಲ ಅಂಕ ಕೂಡಿಯಾಟ್ಟದಲ್ಲಿ ‘ಬಾಲಿವಧ’. ಇರಿಂಙಾಲಕುಡದ ಅಮ್ಮನ್ನೂರು ಮಾಧವ ಚಾಕ್ಯಾರರು (1917–2008) ಬಾಲಿಯ ಸಾವಿನ ಅಭಿನಯಕ್ಕೆ ಹೆಸರಾಗಿದ್ದವರು. ಆ ಬಾಲಿ ವಾದದಿಂದ ದೊಡ್ಡವನಾಗುವುದಿಲ್ಲ. ನೆಲದ ಮೇಲಿನ ಒಂದು ಚಿಕ್ಕ ಜಾಗದಲ್ಲಿ ಅವನ ಉಸಿರು ಏರಿ, ಇಳಿದು, ತಡೆದು, ಮತ್ತೆ ಸಿಕ್ಕಿ, ಕೊನೆಗೆ ನಿಲ್ಲುತ್ತದೆ. ಹಿಂದೆ ಕುಳಿತ ಮಿಳಾವು ವಾದಕರು ಆ ಉಸಿರಿಗೆ ನುಡಿಸುತ್ತಾರೆ. ನಮ್ಮ ವಾಲಿ ಬಾಯಿಂದ ಎತ್ತುವ ಪ್ರಶ್ನೆಯನ್ನು ಆ ಬಾಲಿ ಸಾಯುವುದಕ್ಕೆ ತೆಗೆದುಕೊಳ್ಳುವ ಹೊತ್ತಿನಿಂದ ಎತ್ತುತ್ತಾನೆ. ಕೈಲಾಸ ಎತ್ತುವ ರಾವಣನದ್ದೂ ಹೀಗೆಯೇ. ನಟ ಪರ್ವತದ ಬುಡದಿಂದ ತುದಿಯವರೆಗೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕಣ್ಣು ಹಾಯಿಸುತ್ತಾನೆ. ದೀಪದ ಎದುರಿನ ಕೆಲವು ಅಡಿ ನೆಲದಲ್ಲಿ ಹಿಮಾಲಯ ಏಳುತ್ತದೆ. ಕಥಕಳಿಯಲ್ಲಿ ಪದ ಹಾಡದಿರುವ ಹೊತ್ತಿನಲ್ಲಿ ನಟ ತನ್ನ ಮನೋಧರ್ಮದಂತೆ ಬೆಳೆಸುವ ಇಳಕಿಯಾಟ್ಟವಿದೆ. ‘ಕಲ್ಯಾಣಸೌಗಂಧಿಕ’ದ ಭೀಮ ಕಾಡಿನಲ್ಲಿ ಕಂಡ ಆನೆ, ಹೆಬ್ಬಾವು, ಸಿಂಹಗಳ ಕಾದಾಟವನ್ನು ಒಬ್ಬನೇ ಆಡಿ ತೋರಿಸುತ್ತಾನೆ. ಹೆಚ್ಚು ಓಡಾಟವಿಲ್ಲದೆ, ಮೈಯ ದಿಕ್ಕು ಬದಲಿಸಿ ಮೂರು ಪ್ರಾಣಿಗಳಾಗುತ್ತಾನೆ.

ಇವೆಲ್ಲ ಆ ಕ್ಷಣದಲ್ಲಿ ಶೂನ್ಯದಿಂದ ಹುಟ್ಟಿದವಲ್ಲ. ಕೂಡಿಯಾಟ್ಟಕ್ಕೆ ಆಟ್ಟಪ್ರಕಾರ, ಕ್ರಮದೀಪಿಕೆ ಎಂಬ ಕೈಪಿಡಿಗಳಿವೆ. ನಟ ಏನನ್ನು ಹೇಗೆ ಆಡಬೇಕು, ರಂಗದ ವ್ಯವಸ್ಥೆ ಹೇಗಿರಬೇಕು ಎಂಬುದನ್ನು ಅಲ್ಲಿ ಬರೆದಿಟ್ಟಿದ್ದಾರೆ. ಹಾಗಿದ್ದೂ ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬುದು ನಟನಿಗೆ ಬಿಟ್ಟದ್ದು. ಈ ಉದಾಹರಣೆಯಿಂದ ನಾನು ಎತ್ತಿಕೊಳ್ಳುವ ಅಂಶಗಳು ಎರಡು. ದೇಹದ ಆಶುತ್ವಕ್ಕೆ ಅವರು ಮನೋಧರ್ಮ ಎಂಬ ಸ್ಥಾನ ಕೊಟ್ಟಿದ್ದಾರೆ, ರಸಿಕರು ಅದನ್ನು ಗುರುತಿಸಿ ಚರ್ಚಿಸುತ್ತಾರೆ. ಮತ್ತೆ, ರಂಗವನ್ನು ಬಳಸುವುದೆಂದರೆ ರಂಗದ ತುಂಬ ಓಡಾಡುವುದು ಎಂಬ ತಪ್ಪು ಎಣಿಕೆ ಅವರಲ್ಲಿಲ್ಲ.

ಅದೇ ತಿರುವನಂತಪುರದಲ್ಲಿ ಕಾವಾಲಂ ನಾರಾಯಣ ಪಣಿಕ್ಕರ್ (1928–2016) ತಮ್ಮ ಸೋಪಾನಂ ತಂಡದ ಮೂಲಕ ಈ ತಿಳಿವಳಿಕೆಯನ್ನು ಹೊಸ ನಾಟಕಕ್ಕೆ ತಂದರು. ಚಲನಚಿತ್ರ ನಿರ್ದೇಶಕ ಜಿ. ಅರವಿಂದನ್ ರಂಗಕ್ಕೆ ತಂದ ಅವರ ‘ಅವನವನ್ ಕಡಂಬ’ 1970ರ ದಶಕದಲ್ಲಿ ನಾಟಕವನ್ನು ಚಿತ್ರಚೌಕಟ್ಟಿನ ವೇದಿಕೆಯಿಂದ ಬಯಲಿಗೆ ಇಳಿಸಿತು. ಮಾತಿಗಿಂತ ತಾಳ, ನಡೆ, ಗುಂಪಿನ ಚಲನೆ ಕಥೆಯನ್ನು ಮುಂದೊಯ್ಯಬಲ್ಲವು ಎಂಬುದು ಅವರ ಅನೇಕ ಪ್ರಯೋಗಗಳಲ್ಲಿ ಸಾಬೀತಾಯಿತು. ನಮ್ಮಲ್ಲಿ ಬಿ.ವಿ. ಕಾರಂತರು ಯಕ್ಷಗಾನದಿಂದ ಪಡೆದದ್ದರಲ್ಲಿಯೂ ಈ ಅಂಶವಿದೆ. ಆದರೆ ಅದು ಆಧುನಿಕ ನಾಟಕಕ್ಕೆ ಹೋಯಿತು. ಯಕ್ಷಗಾನದ ವಿಮರ್ಶೆಗೆ ಮರಳಿ ಬರಲಿಲ್ಲ.

ಈಗ ಎದುರುವಾದಗಳನ್ನು ನೋಡೋಣ. ಯಕ್ಷಗಾನದಲ್ಲಿ ಕುಣಿತಕ್ಕೆ ಮರ್ಯಾದೆಯೇ ಇಲ್ಲ ಎಂದು ಯಾರು ಹೇಳಿದರು, ದಿಗಿಣಗಳಿಗೆ ಚಪ್ಪಾಳೆ ಬೀಳುವುದಿಲ್ಲವೇ ಎಂದು ಕೇಳಬಹುದು. ಬೀಳುತ್ತದೆ, ಸಮಸ್ಯೆ ಅಲ್ಲಿಯೇ ಇದೆ. ತೆಂಕಿನ ಪುಂಡುವೇಷ ಎಷ್ಟು ದಿಗಿಣ ಹಾರಿತು, ಎಷ್ಟು ಗಿರ್ಕಿ ಹೊಡೆಯಿತು, ಬಡಗಿನ ಅಭಿಮನ್ಯು ಎಷ್ಟು ಮಂಡಿ ತಿರುಗಿದ ಎಂದು ಎಣಿಸುವ ಪ್ರೇಕ್ಷಕ ಆ ಸುತ್ತುಗಳು ಎತ್ತ ಹೋದವು, ಯಾಕೆ ಹೋದವು ಎಂದು ನೋಡುವುದಿಲ್ಲ. ಚಕ್ರವ್ಯೂಹದೊಳಗೆ ಸಿಕ್ಕಿದ ಅಭಿಮನ್ಯುವಿನ ಸುತ್ತು ಪ್ರತಿಸಲ ಬೇರೆ ದಿಕ್ಕಿಗೆ ದಾರಿ ಹುಡುಕಿದರೆ ಅದು ವ್ಯೂಹದ ಚಿತ್ರವಾಗುತ್ತದೆ. ಒಂದೇ ಕಡೆ ನಿಂತು ಲೆಕ್ಕ ಹೆಚ್ಚಿಸಿದರೆ ಅದು ಕಸರತ್ತು. ಸಂಖ್ಯೆಯನ್ನು ಮೆಚ್ಚುವುದು ನಡೆಯನ್ನು ಮೆಚ್ಚಿದಂತಲ್ಲ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಬಗ್ಗೆ ನಡೆದ ದೀರ್ಘ ಜಗಳವನ್ನು ಈ ದೃಷ್ಟಿಯಿಂದ ಮತ್ತೆ ತೆರೆಯಬೇಕು. ಭಸ್ಮಾಸುರ, ಕೀಚಕ ಪಾತ್ರಗಳಲ್ಲಿ ಅವರ ಭುಜ, ಸೊಂಟ, ಹೆಜ್ಜೆಗಳು ಮಾಡಿದ ಮೋಡಿಗೆ ಜನ ಮಾರುಹೋದರು. ಚೌಕಟ್ಟು ಮೀರಿದರು ಎಂದು ಸಂಪ್ರದಾಯಸ್ಥರು ಮುಖ ತಿರುಗಿಸಿದರು. ಎರಡು ಪಕ್ಷಗಳೂ ಎಷ್ಟು ಕುಣಿದರು ಎಂಬುದನ್ನೇ ಹಿಡಿದು ಜಗ್ಗಾಡಿದವು. ಸೈರಂಧ್ರಿಯನ್ನು ಕಂಡ ಕೀಚಕ ಅವಳನ್ನು ಸುತ್ತುವರಿಯುವಾಗ ಅವರಿಬ್ಬರ ನಡುವಿನ ಅಂತರ ಹೇಗೆ ಕಿರಿದಾಗುತ್ತದೆ, ಅವಳಿಗೆ ತಪ್ಪಿಸಿಕೊಳ್ಳಲು ಉಳಿಯುವ ನೆಲ ಹೇಗೆ ಕಡಿಮೆಯಾಗುತ್ತದೆ ಎಂಬ ಪ್ರಶ್ನೆ ಹಾಕಿದ್ದರೆ ಮೆಚ್ಚುಗೆಗೂ ಟೀಕೆಗೂ ಒಂದು ಅಳತೆಗೋಲು ಸಿಗುತ್ತಿತ್ತು.

ಇನ್ನೊಂದು ವಾದ ಹೆಚ್ಚು ತೂಕದ್ದು. ದೇಹದ ಚಲನೆಗೆ ಅರ್ಥ ಬರಬೇಕಾದರೆ ಅದನ್ನು ಮೊದಲೇ ಸಂಯೋಜಿಸಬೇಕು, ಕಲಾವಿದರ ಹುಕಿಗೆ ಬಿಡಬಾರದು ಎಂಬುದು. ಶಿವರಾಮ ಕಾರಂತರು ಉಡುಪಿಯ ‘ಯಕ್ಷರಂಗ’ದಲ್ಲಿ ಹಿಡಿದದ್ದು ಈ ದಾರಿ. ಮಾತಿನ ಅತಿಯಿಂದ ಬೇಸತ್ತ ಅವರು ಅದನ್ನು ಕತ್ತರಿಸಿ, ಹಾಡು ಕುಣಿತಗಳನ್ನು ಮುಂದೆ ತಂದು, ಆಟವನ್ನು ನೃತ್ಯನಾಟಕವಾಗಿ ಹೆಣೆದರು. ಯಕ್ಷಗಾನದ ಜೀವ ದೇಹದಲ್ಲಿದೆ ಎಂದು ಕಂಡ ಅವರ ಕಣ್ಣು ದೊಡ್ಡದು. ಆದರೆ ಮಾತಿನ ಜೊತೆ ಅವರು ಆಶುತ್ವವನ್ನೂ ಹೊರಗೆ ಕಳಿಸಿದರು. ನಿರ್ದೇಶಕ ಗುರುತು ಹಾಕಿದ ಜಾಗದಲ್ಲಿ ನಿಲ್ಲುವ ವಾಲಿ ಚೆನ್ನಾಗಿ ಕಾಣಬಹುದು. ಎದುರಿನ ರಾಮ ಇಂದು ಒಂದು ಹೆಜ್ಜೆ ಹೆಚ್ಚು ಮುಂದೆ ಬಂದರೆ ಆ ವಾಲಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕಾರಂತರು ಎತ್ತಿದ ಪ್ರಶ್ನೆ ಸರಿ, ಕೊಟ್ಟ ಉತ್ತರ ಅರ್ಧ. ಆಟ್ಟಪ್ರಕಾರಗಳಂತೆ ಮಾದರಿಯನ್ನು ಬರೆದಿಟ್ಟುಕೊಂಡೂ ನಟನಿಗೆ ಅವಕಾಶ ಉಳಿಸಬಹುದೆಂಬ ಮೂರನೆಯ ದಾರಿ ಇದೆ.

ಎಲ್ಲಿ ನಿಲ್ಲುತ್ತೇವೆ ಎಂಬುದೂ ಅರ್ಥ ಹುಟ್ಟಿಸುತ್ತದೆ ಎಂಬ ಪಾಠವನ್ನು ಹೊರಜಗತ್ತಿನ ಆಶುನಾಟಕವೂ ಕಲಿತಿದೆ. ಅಮೆರಿಕದ ವಯೋಲಾ ಸ್ಪೋಲಿನ್ 1963ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಯಾರು, ಏನು ಎಂಬುದರ ಜೊತೆಗೆ ಎಲ್ಲಿ ಎಂಬುದನ್ನೂ ನಟರ ಆಟಗಳಿಗೆ ಆಧಾರವಾಗಿ ಇಟ್ಟರು. ಕೀತ್ ಜಾನ್‌ಸ್ಟನ್ 1979ರ ತಮ್ಮ ಪುಸ್ತಕದಲ್ಲಿ, ವ್ಯಕ್ತಿ ತನ್ನ ಸುತ್ತಲಿನ ಜಾಗವನ್ನು ಹೇಗೆ ಆಕ್ರಮಿಸುತ್ತಾನೆ ಅಥವಾ ಬಿಟ್ಟುಕೊಡುತ್ತಾನೆ ಎಂಬುದರಿಂದಲೇ ಅವನ ಅಂತಸ್ತು ಕಾಣುತ್ತದೆ ಎಂದು ವಿವರಿಸಿದರು. ನಮ್ಮ ಊರಿನ ರಂಗಶಿಬಿರಗಳಲ್ಲಿ ಇವರ ಆಟಗಳು ಬಳಕೆಯಲ್ಲಿವೆ. ಆದರೂ ಶಿಬಿರಾರ್ಥಿಗಳು ಆಶುನಾಟಕಕ್ಕೆ ಇಳಿದ ಕೂಡಲೇ ಸಾಲಾಗಿ ನಿಂತು ಒಬ್ಬರನ್ನೊಬ್ಬರು ಮಾತಿನಲ್ಲಿ ಸೋಲಿಸಲು ಹೊರಡುತ್ತಾರೆ. ಇಲ್ಲವೇ ಕಾರಣವಿಲ್ಲದೆ ವೇದಿಕೆಯ ತುಂಬ ಓಡುತ್ತಾರೆ. ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’ವನ್ನು ಇಂಥವರು ನೆನೆಯಬೇಕು. ಅಂದಂದಿನ ರಾಜಕೀಯದ ಮೇಲೆ ಅವರು ಸೇರಿಸುತ್ತಿದ್ದ ಮಾತು ಎಲ್ಲರ ನೆನಪಿನಲ್ಲಿದೆ. ಆ ಮಾತಿಗೆ ಕಸುವು ಬಂದದ್ದು ಪಾತ್ರದ ಚೌಕಟ್ಟಿನಿಂದ ಹೊರಬಂದು ಸಭೆಗೇ ಮುಖಕೊಟ್ಟು ಮಾತಾಡುತ್ತಿದ್ದುದರಿಂದ. ಎದುರಿನ ನಟನಿಗೆ ಹೇಳಿದ್ದರೆ ಅದು ನಾಟಕದ ಸಂಭಾಷಣೆ. ಸಭೆಗೆ ತಿರುಗಿ ಹೇಳಿದ್ದರಿಂದ ಸಾರ್ವಜನಿಕ ಆರೋಪವಾಯಿತು.

ನಡೆಯ ಬುದ್ಧಿ ಕುಂದಿದ್ದಕ್ಕೆ ಕಲಾವಿದರನ್ನು ಮಾತ್ರ ದೂರುವುದು ಅನ್ಯಾಯ. ಮೊದಲ ತಪ್ಪು ಮೈಕಿನದು. ರಂಗಸ್ಥಳದ ಮುಂಭಾಗದಲ್ಲಿ ಮೇಲಿನಿಂದ ಇಳಿಬಿಟ್ಟ, ಇಲ್ಲವೇ ಕೋಲಿನ ಮೇಲೆ ನಿಲ್ಲಿಸಿದ ಮೈಕು ಅರ್ಥ ಹೇಳುವ ಜಾಗವನ್ನು ನಿಗದಿ ಮಾಡಿಬಿಟ್ಟಿದೆ. ರಾಮ, ವಾಲಿ, ತಾರೆ ಯಾರೇ ಇರಲಿ, ಕುಣಿತ ಮುಗಿಸಿ ಮೈಕಿನ ಬಳಿಗೆ ಬರಬೇಕು. ಸಾಯುತ್ತಿರುವ ವಾಲಿ ಕೂಡ ಮೈಕಿಗೆ ಕೇಳುವಲ್ಲಿಯೇ ಬೀಳಬೇಕು. ಎರಡನೆಯದು ವೇದಿಕೆ. ಮೂರು ಕಡೆ ಜನರಿದ್ದ ನೆಲಮಟ್ಟದ ಚೌಕ ಹೋಗಿ ಸಭಾಭವನದ ಎತ್ತರದ, ಅಗಲದ ವೇದಿಕೆ ಬಂದಿದೆ. ಪಕ್ಕದಿಂದ ನೋಡುವವರೇ ಇಲ್ಲದಾಗ ನಟ ಮುಖವನ್ನು ಮುಂದಕ್ಕೆ ಮಾತ್ರ ಕೊಡುತ್ತಾನೆ. ಎದುರಾಳಿಯ ಕಡೆ ತಿರುಗುವುದನ್ನೇ ಬಿಡುತ್ತಾನೆ. ಮೂರನೆಯದು ಕಾಲಮಿತಿ. ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗಳಿಗೆ ಇಳಿಸುವಾಗ ಮೊದಲು ಹೋಗುವುದು ಒಡ್ಡೋಲಗ, ಪ್ರಯಾಣ ಕುಣಿತಗಳಂಥ ಭಾಗಗಳು. ಕಥೆಗೆ ಅವು ಬೇಕಿಲ್ಲ ಎಂದು ಕತ್ತರಿಸುತ್ತಾರೆ. ರಂಗಸ್ಥಳ ಅರಮನೆಯಾಗುವುದು, ಕಾಡಾಗುವುದು ಅಲ್ಲಿಯೇ ಎಂಬುದು ಮರೆತುಹೋಗಿದೆ.

ಇವಕ್ಕೆ ಪರಿಹಾರ ಕಷ್ಟದ್ದಲ್ಲ. ಸಂಘಟಕರು ಅಂಗಿಗೆ ಸಿಕ್ಕಿಸುವ ಮೈಕು ಕೊಡಲಿ, ಅದು ವೇಷಕ್ಕೆ ಒಗ್ಗದಿದ್ದರೆ ರಂಗದ ಬೇರೆಬೇರೆ ಕಡೆ ಮೈಕುಗಳನ್ನಿಡಲಿ. ಎಷ್ಟೇ ಅಗಲದ ವೇದಿಕೆ ಸಿಕ್ಕಿದರೂ ಅದರ ನಡುವೆ ರಂಗಸ್ಥಳದ ಚೌಕ ಕಟ್ಟಲಿ, ಎರಡು ಬದಿಗೂ ಒಂದಿಷ್ಟು ಕುರ್ಚಿ ಹಾಕಲಿ. ಕಾಲಮಿತಿಯ ಆಟ ಇರಲಿ. ಮಾತಿನಿಂದಲೂ ಅಷ್ಟೇ ಪಾಲು ಕತ್ತರಿಸಲಿ. ತರಬೇತಿ ಕೇಂದ್ರಗಳು ಹೆಜ್ಜೆ ಕಲಿಸುವುದರ ಜೊತೆಗೆ ಒಂದೇ ಪದ್ಯವನ್ನು ಬೇರೆಬೇರೆ ಅಂತರದಲ್ಲಿ, ಬೇರೆಬೇರೆ ದಿಕ್ಕಿಗೆ ನಿಂತು ಆಡಿಸಿ, ಅರ್ಥ ಹೇಗೆ ಬದಲಾಯಿತು ಎಂದು ಮಕ್ಕಳನ್ನೇ ಕೇಳಲಿ. ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಕಲಾವಿದರು ಕೇರಳದ ಕೂಡಿಯಾಟ್ಟ, ಕಥಕಳಿ ಕಲಾವಿದರ ಜೊತೆ ಕುಳಿತು ವಾಲಿಯೊಬ್ಬನನ್ನೇ ಹಿಡಿದು ಕೆಲವು ದಿನ ಕೆಲಸ ಮಾಡಲಿ. ಭಾಷೆ ಅಡ್ಡಬರದು, ಯಾಕೆಂದರೆ ಅಲ್ಲಿ ಚರ್ಚೆಯಾಗಬೇಕಾದದ್ದು ಭಾಷೆಯಲ್ಲ.

ವಿಮರ್ಶಕರ ಹೊಣೆ ಎಲ್ಲರಿಗಿಂತ ದೊಡ್ಡದು. ವಾಲಿ ಏನು ಹೇಳಿದ ಎಂದು ನಾಲ್ಕು ಪ್ಯಾರಾ ಬರೆಯುವವರು ಅವನು ಎಲ್ಲಿ ಬಿದ್ದು ಹೇಳಿದ ಎಂದು ಒಂದು ಪ್ಯಾರಾ ಬರೆಯಲಿ. ತನ್ನ ನಡೆಯನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ತಿಳಿದರೆ ಕಲಾವಿದ ಅದರ ಬಗ್ಗೆ ಯೋಚಿಸುತ್ತಾನೆ. ಗಮನಿಸದ ಕಲೆ ಬೆಳೆಯುವುದಿಲ್ಲ, ಯಕ್ಷಗಾನದ ನಡೆಗೂ ಈಗ ಆಗಿರುವುದು ಅದೇ.